ಎಂಟನೆಯ ತಂತಿ

ಇಂಟರ್ನ್‌ಶಿಪ್ ಸಂದರ್ಶನದಲ್ಲಿ ಓಎಸ್‌ಐ ಮಾದರಿಯ ಏಳು ಪದರಗಳನ್ನು ಒಂದೇ ಉಸಿರಿನಲ್ಲಿ ಹೇಳಿದೆ. ಕೆಲಸ ಸಿಕ್ಕಂತೆಯೇ ಎಂದುಕೊಳ್ಳುವಷ್ಟರಲ್ಲಿ ಇನ್ನೊಂದು ಪ್ರಶ್ನೆ ಬಂತು: ‘ಸ್ವಿಚ್, ಕಂಪ್ಯೂಟರ್ ಎರಡೂ ಗಿಗಾಬಿಟ್‌ನವು. ಪೋರ್ಟಿನ ದೀಪ ಉರೀತಿದೆ, ನೆಟ್ ಬರ್ತಿದೆ. ಆದ್ರೆ ವೇಗ 100 ಎಂಬಿಪಿಎಸ್ ದಾಟ್ತಿಲ್ಲ. ಮೊದಲು ಏನು ನೋಡ್ತೀರಿ?’

‘ಡ್ರೈವರ್ ಅಪ್‌ಡೇಟ್ ಮಾಡ್ತೀನಿ ಸರ್’ ಎಂದೆ. ಅವರು ನಕ್ಕು ಮುಂದಿನವರನ್ನು ಕರೆದರು.

ಉತ್ತರ ಸಿಕ್ಕಿದ್ದು ಎರಡು ವಾರದ ನಂತರ, ಕಾಲೇಜಿನ ಲ್ಯಾಬ್‌ನಲ್ಲಿ. ಒಂದು ಕಂಪ್ಯೂಟರ್‌ಗೆ ಇದೇ ಕಾಯಿಲೆ. ನಮ್ಮ ಇನ್‌ಸ್ಟ್ರಕ್ಟರ್ ಕೀಬೋರ್ಡ್ ಮುಟ್ಟಲೇ ಇಲ್ಲ. ಕೇಬಲ್ ಕಿತ್ತು ಟೆಸ್ಟರ್‌ಗೆ ಹಾಕಿದರು. ಒಂದರಿಂದ ಏಳರವರೆಗೆ ದೀಪಗಳು ಹೊತ್ತಿದವು. ಎಂಟನೆಯದು ಹೊತ್ತಲಿಲ್ಲ.

ಕೇಬಲ್‌ನೊಳಗೆ ಇರುವುದು ಎಂಟು ತಂತಿ, ನಾಲ್ಕು ಜೋಡಿ. 100 ಎಂಬಿಪಿಎಸ್ ಈಥರ್‌ನೆಟ್‌ಗೆ 1, 2, 3 ಮತ್ತು 6ನೇ ಪಿನ್‌ಗಳ ಎರಡು ಜೋಡಿ ಸಾಕು. ಗಿಗಾಬಿಟ್‌ಗೆ ನಾಲ್ಕೂ ಬೇಕು. ಕಂದು ಬಣ್ಣದ ಒಂದು ತಂತಿ ಪಿನ್‌ಗೆ ತಾಗದಿದ್ದರೂ ಅನೇಕ ನೆಟ್‌ವರ್ಕ್ ಕಾರ್ಡ್‌ಗಳು ಸದ್ದಿಲ್ಲದೆ 100ಕ್ಕೆ ಇಳಿದುಬಿಡುತ್ತವೆ. ದೀಪವೇನೋ ಉರಿಯುತ್ತಲೇ ಇರುತ್ತದೆ. ಪರೀಕ್ಷೆಗೆ ಓದುವಾಗ ನಾನು ಹಾರಿಸಿದ್ದ ಅಧ್ಯಾಯವೇ ಇದು, ಭೌತಿಕ ಪದರ!

ಆ ತುದಿ ಕತ್ತರಿಸಿ ಹೊಸ ಆರ್‌ಜೆ-45 ಕನೆಕ್ಟರ್ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಟಿ568ಬಿ ಕ್ರಮ ಹೀಗೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿಯ ನಡುವೆ ನೀಲಿ ಯಾಕೆ ನುಗ್ಗಬೇಕು? ‘ಜೋಡಿ ಜೋಡಿಯಾಗೇ ಕೂರಿಸಿ, ಎರಡೂ ತುದಿಯಲ್ಲಿ ಒಂದೇ ಥರ ಮಾಡಿದ್ರೆ ಸಾಲದಾ ಸರ್?’ ಎಂದು ಕೇಳಿದೆ.

‘ಟೆಸ್ಟರ್‌ನ ಎಂಟೂ ದೀಪ ಹೊತ್ತುತ್ವೆ. ಕೇಬಲ್ ಮಾತ್ರ ಕೈಕೊಡುತ್ತೆ’ ಎಂದರು. 3 ಮತ್ತು 6ನೇ ಪಿನ್‌ಗಳು ಸೇರಿ ಒಂದು ಸಂಕೇತವನ್ನು ಒಯ್ಯುತ್ತವೆ. ಆ ಎರಡು ತಂತಿಗಳು ಒಂದಕ್ಕೊಂದು ಹೆಣೆದುಕೊಂಡಿದ್ದರೆ ಹೊರಗಿನ ಗದ್ದಲ ಎರಡಕ್ಕೂ ಹೆಚ್ಚುಕಡಿಮೆ ಸಮನಾಗಿ ತಟ್ಟುತ್ತದೆ. ಆ ತುದಿಯ ಉಪಕರಣ ಎರಡರ ವ್ಯತ್ಯಾಸವನ್ನಷ್ಟೇ ಓದುವುದರಿಂದ ಗದ್ದಲ ಕಳೆದುಹೋಗುತ್ತದೆ. ನನ್ನ ಕ್ರಮದಲ್ಲಾದರೆ 3ಕ್ಕೆ ಬಿಳಿ-ಹಸಿರು, 6ಕ್ಕೆ ಬೇರೆ ಜೋಡಿಯ ನೀಲಿ ತಂತಿ ಬರುತ್ತಿತ್ತು. ಹೆಣಿಗೆ ಇದ್ದೂ ಉಪಯೋಗವಿಲ್ಲ. ಕ್ರಿಂಪ್ ಮಾಡುವಾಗ ಹೆಣಿಗೆಯನ್ನು ಜಾಸ್ತಿ ಬಿಚ್ಚಬಾರದು ಎನ್ನುವುದೂ ಇದಕ್ಕೇ.

ಒಮ್ಮೆ ಒತ್ತಿದ ಕನೆಕ್ಟರನ್ನು ಮತ್ತೆ ಬಳಸಲಾಗದು. ನಾನು ಎರಡು ಹಾಳು ಮಾಡಿದೆ. ಮೂರನೆಯದಕ್ಕೆ ಎಂಟೂ ದೀಪ ಹೊತ್ತಿದವು. ವಿಂಡೋಸ್‌ನ ಈಥರ್‌ನೆಟ್ ಸ್ಟೇಟಸ್‌ನಲ್ಲಿ ‘1.0 ಜಿಬಿಪಿಎಸ್’ ಎಂದು ಕಂಡಿತು.

ಮುಂದಿನ ವಾರ ಇನ್ನೊಂದು ಸಂದರ್ಶನವಿದೆ. ಹಾಳಾದ ಆ ಎರಡು ಕನೆಕ್ಟರ್‌ಗಳು ಇನ್ನೂ ನನ್ನ ಬ್ಯಾಗ್‌ನಲ್ಲೇ ಇವೆ.