ಮಿದುಳಿಲ್ಲದ ಪ್ರಿಂಟರು

ತಂತಿ ಸರಿಯಾಗಿ ಕೂತಿದೆ, ವಿದ್ಯುತ್ತು ಹರಿಯುತ್ತಿದೆ, ಕಾಗದವೂ ಉಂಟು; ಆದರೂ ಪ್ರಿಂಟರಿನಿಂದ ಹೊರಬೀಳುವುದು ಅರ್ಥವಿಲ್ಲದ ಅಕ್ಷರಗಳ ರಾಶಿ. ಅಗ್ಗದ ಪ್ರಿಂಟರೊಂದನ್ನು ಅದಕ್ಕೆ ಒಗ್ಗದ ಕಂಪ್ಯೂಟರಿಗೆ ಜೋಡಿಸಿದ ಅನೇಕರು ಈ ನೋಟವನ್ನು ಕಂಡಿದ್ದಾರೆ. ಯಂತ್ರ ಕೆಟ್ಟಿತೆಂದು ಗುಜರಿಗೆ ಹಾಕಿದವರೂ ಇದ್ದಾರೆ. ವಾಸ್ತವವಾಗಿ ಯಂತ್ರ ಕೆಟ್ಟಿರುವುದಿಲ್ಲ. ಎರಡು ಯಂತ್ರಗಳಿಗೂ ತಿಳಿದ ಒಂದು ಭಾಷೆ ಅವುಗಳ ನಡುವೆ ಇರುವುದಿಲ್ಲ, ಅಷ್ಟೆ.

ಭಾಷೆಯ ಅವಶ್ಯಕತೆ ಏನೆಂಬುದನ್ನು ಲೆಕ್ಕದಿಂದಲೇ ನೋಡೋಣ. ನಮ್ಮ ಕಣ್ಣಿಗೆ ಅಕ್ಷರಗಳ ಸಾಲಾಗಿ ಕಾಣುವ ಪುಟ ಪ್ರಿಂಟರಿನ ಪಾಲಿಗೆ ಬರಿಯ ಚುಕ್ಕೆಗಳ ಜಾಲ. ಅಂಗುಲಕ್ಕೆ 300 ಚುಕ್ಕೆಗಳಂತೆ ಎ4 ಹಾಳೆಯ ಅಗಲಕ್ಕೆ 2480, ಉದ್ದಕ್ಕೆ 3508. ಗುಣಿಸಿದರೆ ಸುಮಾರು 87 ಲಕ್ಷ. ಕಪ್ಪೋ ಬಿಳುಪೋ ಎಂದು ಹೇಳಲು ಚುಕ್ಕೆಗೊಂದು ಬಿಟ್ ಸಾಕೆಂದರೂ ಸುಮಾರು 10.9 ಲಕ್ಷ ಬೈಟುಗಳಾಗುತ್ತವೆ. ಸೆಕೆಂಡಿಗೆ 9600 ಬಿಟ್ ಸಾಗಿಸುವ ಹಳೆಯ ಸೀರಿಯಲ್ ತಂತಿಯಲ್ಲಿ ಬೈಟೊಂದಕ್ಕೆ ಹತ್ತು ಬಿಟ್‌ಗಳಷ್ಟು ಕಾಲ ಬೇಕು. ಹೀಗಾಗಿ ಒಂದೇ ಪುಟಕ್ಕೆ ಹತ್ತೊಂಬತ್ತು ನಿಮಿಷ! ಹತ್ತು ಪುಟಗಳ ಪ್ರಬಂಧವಾದರೆ ವಿದ್ಯಾರ್ಥಿಯು ಕೈಯಿಂದಲೇ ಬರೆದು ಮುಗಿಸಿಯಾನು.

ಇದಕ್ಕೆ ಅಡೋಬಿ ಸಂಸ್ಥೆಯವರು 1984ರಲ್ಲಿ ಕಂಡುಕೊಂಡ ಉಪಾಯವೇ ಪೋಸ್ಟ್‌ಸ್ಕ್ರಿಪ್ಟ್ ಎಂಬ ಭಾಷೆ. ಚುಕ್ಕೆಗಳನ್ನು ಕಳುಹಿಸುವ ಬದಲು ಪುಟದ ವರ್ಣನೆಯನ್ನೇ ಅದು ಕಳುಹಿಸುತ್ತದೆ: ಇಲ್ಲಿಂದ ಅಲ್ಲಿಗೆ ಗೆರೆಯೆಳೆ, ಈ ಅಕ್ಷರವನ್ನು ಈ ಸ್ಥಾನದಲ್ಲಿಡು ಎಂದು. ವರ್ಣನೆ ಚಿಕ್ಕದು, ನಿಜ. ಆದರೆ ಅದನ್ನು ಚುಕ್ಕೆಗಳಾಗಿ ಮಾರ್ಪಡಿಸಬೇಕಾದುದು ಪ್ರಿಂಟರೇ. ಆದ್ದರಿಂದ ಪ್ರಿಂಟರಿಗೊಂದು ಮಿದುಳು ಬೇಕಾಯಿತು. ಆಪಲ್ ಸಂಸ್ಥೆಯ 1985ರ ಲೇಸರ್‌ರೈಟರಿನ ಸಂಸ್ಕಾರಕವು ಅದನ್ನು ಆಳುತ್ತಿದ್ದ ಮ್ಯಾಕಿಂಟಾಷ್ ಕಂಪ್ಯೂಟರಿನದಕ್ಕಿಂತ ವೇಗವಾದುದಾಗಿತ್ತು. ಆಳು ಯಜಮಾನನಿಗಿಂತ ಚುರುಕು! ಬೆಲೆ 6,995 ಡಾಲರು.

ಯೂನಿಕ್ಸ್ ವರ್ಕ್‌ಸ್ಟೇಷನ್‌ಗಳ ಅನೇಕ ಪ್ರೋಗ್ರಾಂಗಳು ಪೋಸ್ಟ್‌ಸ್ಕ್ರಿಪ್ಟನ್ನೇ ನಂಬಿದ್ದುವು. ಅಷ್ಟು ಹಣವಿಲ್ಲದವರ ಗತಿಯೇನು? 1988ರಲ್ಲಿ ಪೀಟರ್ ಡಾಯ್ಚ್ ಎಂಬುವರು ಘೋಸ್ಟ್‌ಸ್ಕ್ರಿಪ್ಟ್ ಎಂಬ ಪ್ರೋಗ್ರಾಮನ್ನು ರಚಿಸಿ ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಇದು ಪೋಸ್ಟ್‌ಸ್ಕ್ರಿಪ್ಟನ್ನು ವರ್ಕ್‌ಸ್ಟೇಷನ್ನಿನೊಳಗೇ ಓದಿ, ಚುಕ್ಕೆಗಳನ್ನು ಎಣಿಸಿ, ಆಯಾ ಅಗ್ಗದ ಪ್ರಿಂಟರಿನ ಸ್ವಂತ ಆಜ್ಞೆಗಳಲ್ಲಿ ಪೋಣಿಸಿ ಕಳುಹಿಸುತ್ತದೆ. ಮಿದುಳು ಪ್ರಿಂಟರಿನಿಂದ ಕಂಪ್ಯೂಟರಿಗೆ ಸ್ಥಳಾಂತರವಾಯಿತೆನ್ನಬಹುದು. ಚುಕ್ಕೆಗಳ ಹೊರೆ ಮತ್ತೆ ತಂತಿಯ ಮೇಲೆ ಬಿದ್ದುದು ನಿಜ; ವೇಗದ ಪ್ಯಾರಲಲ್ ತಂತಿಯೂ, ಖಾಲಿ ಸಾಲುಗಳನ್ನು ಅಡಕಮಾಡುವ ಜಾಣತನವೂ ಅದನ್ನು ಹಗುರಗೊಳಿಸಿದುವು.

ಇದರಿಂದ ಕನ್ನಡಕ್ಕೂ ಲಾಭವುಂಟು. ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳ ಹೊಟ್ಟೆಯಲ್ಲಿ ಅಚ್ಚಾಗಿದ್ದುದು ಸಾಮಾನ್ಯವಾಗಿ ರೋಮನ್ ಅಕ್ಷರಗಳು ಮಾತ್ರ. ಚುಕ್ಕೆಯ ಲೆಕ್ಕ ಕಂಪ್ಯೂಟರಿನದಾದ ಮೇಲೆ ಒತ್ತಕ್ಷರವೂ ಒಂದೇ, ಇಂಗ್ಲಿಷಿನ ಅಕ್ಷರವೂ ಒಂದೇ.

ಪ್ರಿಂಟರಿನ ಆಜ್ಞೆಗಳನ್ನು ತಯಾರಕರು ಗುಟ್ಟಾಗಿಟ್ಟಾಗ ಮಾತ್ರ ನಿಜವಾದ ತೊಡಕು ಹುಟ್ಟುತ್ತದೆ. ಎಚ್‌ಪಿ ಸಂಸ್ಥೆಯ ಡೆಸ್ಕ್‌ಜೆಟ್ 720, 820, 1000 ಮಾದರಿಗಳಲ್ಲಿ ಮುದ್ರಣದ ತಲೆ ಪ್ರತಿ ಸಲ ಓಡಾಡುವಾಗ ಯಾವ ರಂಧ್ರದಿಂದ ಶಾಯಿ ಚಿಮ್ಮಬೇಕೆಂಬುದನ್ನೂ ಕಂಪ್ಯೂಟರೇ ಲೆಕ್ಕಹಾಕಬೇಕಾಗಿತ್ತು. ಅದಕ್ಕೆ ಬೇಕಾದ ಪ್ರೋಗ್ರಾಮನ್ನು ಸಂಸ್ಥೆ ಕೊಟ್ಟುದು ವಿಂಡೋಸಿಗೆ. ಇಂಥ ಗುಟ್ಟನ್ನು ಬಿಡಿಸುವ ಕ್ರಮ ಒಂದು ಶಿಲಾಶಾಸನವನ್ನು ಓದುವಂಥದು. ಖಾಲಿ ಪುಟವೊಂದನ್ನು ಮುದ್ರಿಸಲು ಹೊರಡುವ ಬೈಟುಗಳನ್ನು ಕಡತದಲ್ಲಿ ಹಿಡಿಯುವುದು. ಬಳಿಕ ಒಂದೇ ಚುಕ್ಕೆಯ ಪುಟ, ಆಮೇಲೆ ಒಂದು ಗೆರೆಯ ಪುಟ. ಪ್ರತಿ ಸಲವೂ ಬದಲಾದ ಬೈಟುಗಳನ್ನು ಹೋಲಿಸಿ ಅರ್ಥವನ್ನು ಊಹಿಸುವುದು. ಹವ್ಯಾಸಿಗಳ ದುಡಿಮೆಯಿಂದ ಈ ಪ್ರಿಂಟರುಗಳೂ 1990ರ ದಶಕ ಮುಗಿಯುವುದರೊಳಗೆ ಲಿನಕ್ಸಿನಡಿ ಕೆಲಸಕ್ಕೆ ಬಂದುವು. ಸಂಸ್ಥೆಯೇ ಒಂದು ಹಾಳೆ ವಿವರಣೆ ಕೊಟ್ಟಿದ್ದರೆ ಈ ಶ್ರಮವೆಲ್ಲ ಉಳಿಯುತ್ತಿತ್ತು ಎಂಬುದು ನಮ್ಮ ಅಭಿಪ್ರಾಯ.

ನಮ್ಮ ಕಚೇರಿಗಳಿಗೆ ಪರಿಚಿತವಾದ ಲೇಸರ್‌ಜೆಟ್ 1020 ಇನ್ನೂ ವಿಚಿತ್ರವಾದುದು. ತನ್ನನ್ನು ತಾನು ನಡೆಸಿಕೊಳ್ಳುವ ಪ್ರೋಗ್ರಾಮೂ ಅದರೊಳಗೆ ಶಾಶ್ವತವಾಗಿ ಇರದು; ಗುಂಡಿಯೊತ್ತಿದಾಗಲೆಲ್ಲ ಕಂಪ್ಯೂಟರು ಅದನ್ನು ಹೊಸದಾಗಿ ಕಳುಹಿಸಬೇಕು. ಲಿನಕ್ಸಿನಲ್ಲಿ ಇದನ್ನು ಜೋಡಿಸುವವರು ಮೊದಲು ಈ ಕಡತ ತಲಪಿದೆಯೇ ಎಂದು ನೋಡತಕ್ಕದ್ದು. ಅದು ತಲಪದಿದ್ದರೆ ದೀಪ ಉರಿಯುತ್ತಿದ್ದರೂ ಪುಟ ಹೊರಬಾರದು.