ಕಡಲ ತಳದ ಎಣ್ಣೆಗೆ ಒಡೆಯರು ಯಾರು?

ಬೇಸಿಗೆ ಬಂತೆಂದರೆ ಗುತ್ತಲದ ಸುತ್ತಲಿನ ಹೊಲಗಳಲ್ಲಿ ಕೊಳವೆ ಬಾವಿ ಕೊರೆಯುವ ಲಾರಿಗಳ ಸದ್ದು. ನೀರು ಬೀಳಲಿ, ಬರೀ ಧೂಳು ಏಳಲಿ, ಅಡಿಗೆ ಇಷ್ಟೆಂದು ರೈತ ಹಣ ಎಣಿಸಲೇಬೇಕು. ಕಡಲ ತಳದಲ್ಲಿ ಎಣ್ಣೆ ಹುಡುಕುವಾಗಲೂ ಪ್ರಶ್ನೆ ಇದೇ. ಬಾವಿ ಬರಿದಾದರೆ ನಷ್ಟ ಯಾರಿಗೆ? ಎಣ್ಣೆ ಸಿಕ್ಕರೆ ಪಾಲು ಎಷ್ಟು? ಇದನ್ನು ನಿರ್ಧರಿಸುವುದು ಸರ್ಕಾರದ ಪರವಾನಗಿ ಷರತ್ತು.

ಗುತ್ತಲದ ಕೊಳವೆ ಬಾವಿಯಲ್ಲಿ ಎಣ್ಣೆ ಏಕೆ ಸಿಗದು? ಸೂಕ್ಷ್ಮಜೀವಿಗಳ ಅವಶೇಷ ಕೆಸರಿನೊಡನೆ ಹೂತು, ಕೋಟ್ಯಂತರ ವರ್ಷ ಶಾಖ, ಒತ್ತಡಗಳಿಗೆ ಸಿಕ್ಕಿ ಎಣ್ಣೆ, ಅನಿಲಗಳಾಗುತ್ತವೆ. ಅದಕ್ಕೆ ದಪ್ಪನೆಯ ಪದರಶಿಲೆ ಬೇಕು. ಇಲ್ಲಿನ ಬಂಡೆಗಳೋ 250 ಕೋಟಿ ವರ್ಷಗಳಷ್ಟು ಹಳೆಯವು; ಕಾದು, ಮಾರ್ಪಟ್ಟು ಗಟ್ಟಿಯಾದವು. ಆದರೆ ಕಾರವಾರ, ಮಂಗಳೂರುಗಳ ಆಚೆ ಕಡಲ ತಳದಲ್ಲಿ ಪದರಶಿಲೆಯ ದೊಡ್ಡ ತಗ್ಗಿದೆ. ಅದೇ ಕೇರಳ-ಕೊಂಕಣ ಬೇಸಿನ್. ಅಲ್ಲಿ ಬಾವಿ ಕೊರೆದದ್ದುಂಟು, ಲಾಭ ತರುವಷ್ಟು ಎಣ್ಣೆ ಸಿಕ್ಕಿಲ್ಲ.

ಸಿಕ್ಕರೆ ಅದು ಯಾರದು? ಸಂವಿಧಾನದ 297ನೇ ವಿಧಿಯ ಪ್ರಕಾರ ಕಡಲ ತಳದ ಖನಿಜ ಕೇಂದ್ರಕ್ಕೆ ಸೇರಿದ್ದು. ದಡದಿಂದ 200 ನಾಟಿಕಲ್ ಮೈಲಿ, ಅಂದರೆ ಸುಮಾರು 370 ಕಿಲೋಮೀಟರ್‌ವರೆಗಿನ ಸಂಪತ್ತಿನ ಹಕ್ಕು ದೇಶಕ್ಕಿದೆ. ನೆಲದ ಮೇಲಿನ ಎಣ್ಣೆಯ ರಾಯಧನ ರಾಜ್ಯಕ್ಕೆ, ಕಡಲಿನದು ಕೇಂದ್ರಕ್ಕೆ.

1974ರಲ್ಲಿ 'ಸಾಗರ ಸಾಮ್ರಾಟ್' ಹಡಗು ಬಾಂಬೆ ಹೈನಲ್ಲಿ ಎಣ್ಣೆ ಕಂಡಾಗ ಹುಡುಕಾಟ ಸರ್ಕಾರಿ ಸಂಸ್ಥೆಯ ಕೆಲಸವಾಗಿತ್ತು. 1999ರಲ್ಲಿ ಜಾರಿಗೆ ಬಂದ ಹೊಸ ನೀತಿ ಖಾಸಗಿಯವರಿಗೂ ಸಮಾನ ಅವಕಾಶ ಕೊಟ್ಟಿತು. ಬರಿದಾದ ಬಾವಿಯ ನಷ್ಟ ಕಂಪನಿಯದೇ. ಎಣ್ಣೆ ಸಿಕ್ಕರೆ ಮೊದಲು ಖರ್ಚು ಕಳೆದು, ಉಳಿದ ಲಾಭವನ್ನು ಸರ್ಕಾರದೊಡನೆ ಹಂಚಿಕೊಳ್ಳಬೇಕು.

ತೊಡಕು ಇಲ್ಲೇ. ಪಾಲಿನ ಬೇಸಾಯದಲ್ಲಿ 100 ಚೀಲ ಮೆಕ್ಕೆಜೋಳ ಬಂತೆನ್ನಿ. ಖರ್ಚು 60 ಚೀಲ ಎಂದರೆ ಉಳಿದ 40ರಲ್ಲಿ ಹೊಲದೊಡೆಯನ ಅರ್ಧ ಪಾಲು 20. ಖರ್ಚು 80 ಎಂದು ತೋರಿಸಿದರೆ ಅವನಿಗೆ 10 ಮಾತ್ರ! ಕೃಷ್ಣಾ-ಗೋದಾವರಿ ಕಡಲಿನ ಬ್ಲಾಕೊಂದರ ಖರ್ಚಿನ ಬಗ್ಗೆ 2011ರಲ್ಲಿ ಸಿಎಜಿ ವರದಿ ಆಕ್ಷೇಪ ಎತ್ತಿದ್ದು ಇಂಥ ಲೆಕ್ಕಕ್ಕೇ.

2016ರ ನೀತಿ ಪದ್ಧತಿ ಬದಲಿಸಿತು. ಖರ್ಚು ಎಷ್ಟೇ ಆಗಲಿ, ಕಂಪನಿ ಹರಾಜಿನಲ್ಲಿ ಒಪ್ಪಿದ ಪಾಲನ್ನು ರಾಶಿಯಿಂದಲೇ ಕೊಡಬೇಕು. ಇದಲ್ಲದೆ ರಾಯಧನ ಬೇರೆ. ಆಳವಿಲ್ಲದ ಕಡಲಿನಲ್ಲಿ ಶೇ 7.5. ನೀರಿನ ಆಳ 400 ಮೀಟರ್ ದಾಟಿದರೆ ಮೊದಲ 7 ವರ್ಷ ರಾಯಧನವಿಲ್ಲ, ಆಮೇಲೆ ಶೇ 5. 1500 ಮೀಟರ್ ದಾಟಿದರೆ ಶೇ 2. ಆಳ ಹೆಚ್ಚಿದಂತೆ ಖರ್ಚೂ ಅಪಾಯವೂ ಹೆಚ್ಚು; ಅದಕ್ಕೇ ಈ ರಿಯಾಯಿತಿ.

2017ರಿಂದ ಕಂಪನಿಗಳು ಭೂಗರ್ಭದ ಮಾಹಿತಿ ನೋಡಿ ತಮಗೆ ಬೇಕಾದ ಜಾಗವನ್ನು ತಾವೇ ಸೂಚಿಸಬಹುದು. ಕೇರಳ-ಕೊಂಕಣದಂತಹ, ಇನ್ನೂ ಫಲ ಕಾಣದ ಬೇಸಿನ್‌ಗಳಿಗೆ 2019ರಲ್ಲಿ ಷರತ್ತು ಮತ್ತಷ್ಟು ಸಡಿಲವಾಯಿತು. ಅಲ್ಲಿ ಹರಾಜು ಗೆಲ್ಲಲು ಮುಖ್ಯವಾದದ್ದು ಎಷ್ಟು ಸಮೀಕ್ಷೆ ಮಾಡುತ್ತೇವೆ, ಎಷ್ಟು ಬಾವಿ ಕೊರೆಯುತ್ತೇವೆ ಎಂಬ ಮಾತು. ಆದಾಯ ಅಸಾಧಾರಣವಾಗಿ ಏರಿದರೆ ಮಾತ್ರ ಸರ್ಕಾರಕ್ಕೆ ಪಾಲು. ರಾಯಧನ ಮಾತ್ರ ತಪ್ಪದು.

ದೇಶಕ್ಕೆ ಬೇಕಾದ ಕಚ್ಚಾತೈಲದಲ್ಲಿ ಶೇ 85ಕ್ಕೂ ಹೆಚ್ಚು ಹೊರಗಿನಿಂದ ಬರುತ್ತದೆ. ಗುತ್ತಲದ ಟ್ರ್ಯಾಕ್ಟರ್‌ನ ಡೀಸೆಲ್ಲೂ ಆ ಲೆಕ್ಕದಲ್ಲೇ ಸೇರಿದೆ. ಷರತ್ತು ಬಿಗಿಯಾದರೆ ಕೊರೆಯಲು ಯಾರೂ ಬರುವುದಿಲ್ಲ. ಸಡಿಲವಾದರೆ ಎಲ್ಲರ ಆಸ್ತಿ ಕೆಲವರ ಕಣಜ ಸೇರುತ್ತದೆ. ಹೊಲವನ್ನು ಪಾಲಿಗೆ ಕೊಟ್ಟ ಹಿರಿಯರಿಗೆ ಈ ಇಕ್ಕಟ್ಟು ಹೊಸದಲ್ಲ. ಮಕ್ಕಳು ಅವರ ಬಳಿ ಕುಳಿತು ಮೇಲಿನ 100 ಚೀಲದ ಲೆಕ್ಕವನ್ನು ಎರಡೂ ರೀತಿಯಲ್ಲಿ ಮಾಡಿ ನೋಡಲಿ.