ಇಬ್ರಿಯಲ್ಲಿ ನಮ್ಮ ಆಲೆಮನೆ: ಖರ್ಜೂರದ ಜೋನಿ



ಯಾವ ಹಣ್ಣನ್ನೇ ಹಿಂಡಲಿ, ಅದರ ರಸ ಹೆಚ್ಚು ಹೊತ್ತು ಕಾಯುವುದಿಲ್ಲ. ಸಿಪ್ಪೆಯ ಮೇಲೂ ಗಾಳಿಯಲ್ಲೂ ಇರುವ ಯೀಸ್ಟ್ ಎಂಬ ಸೂಕ್ಷ್ಮಜೀವಿ ರಸದೊಳಗಿನ ಸಕ್ಕರೆಯನ್ನು ಮದ್ಯಸಾರವನ್ನಾಗಿ ಮಾರ್ಪಡಿಸುತ್ತದೆ. ಗಾಳಿಯಾಡುತ್ತಿದ್ದರೆ ಮತ್ತೊಂದು ಬಗೆಯ ಜೀವಾಣು ಆ ಮದ್ಯಸಾರವನ್ನೂ ಹುಳಿಯಾಗಿಸುತ್ತದೆ. ಇಂಗ್ಲೆಂಡ್ ಮತ್ತು ಫ್ರಾನ್ಸಿನ ತೋಟದ ಸೀಮೆಗಳಲ್ಲಿ ಗೆಳೆಯರು ಕೂಡಿ ಸೇಬನ್ನು ಅರೆದು, ಹಿಂಡಿ, ಪೀಪಾಯಿಗಳಲ್ಲಿ ಹುದುಗಲು ಬಿಟ್ಟು ಸೈಡರ್ ತಯಾರಿಸುವುದು ಈ ಕ್ರಿಯೆಯನ್ನೇ ನೆಚ್ಚಿ.

ನಮ್ಮ ಮಲೆನಾಡಿನ ಹಿರಿಯರು ಬೇರೆ ದಾರಿ ಹಿಡಿದರು. ಗಾಣದಿಂದ ಇಳಿದ ಕಬ್ಬಿನ ಹಾಲು ಹುಳಿಯಾಗುವ ಮೊದಲೇ ಕೊಪ್ಪರಿಗೆಯನ್ನೇರಿ, ಕುದಿದು ಜೋನಿಬೆಲ್ಲವಾಗುತ್ತದೆ. ಸಿರಸಿ, ಸಿದ್ದಾಪುರಗಳ ಕಡೆಯವರಿಗೆ ಆಲೆಮನೆಯೆಂದರೆ ಬೆಲ್ಲ ಮಾತ್ರವಲ್ಲ. ಊರವರೆಲ್ಲ ನೆರೆಯುವ ರಾತ್ರಿ, ಹೊಗೆಯ ವಾಸನೆ, ಲೋಟ ಲೋಟ ಹಾಲು, ಮಗುಚಿದ ಮಡಕೆಯ ಮೇಲೆ ಹೊಯ್ಯುವ ತೊಡದೇವು. ಇಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗಾದರೋ ಜೋನಿಬೆಲ್ಲವೆಂದರೆ ರಜೆಯಿಂದ ಮರಳುವಾಗ ಪೆಟ್ಟಿಗೆಯಲ್ಲಿ ಬರುವ ಒಂದು ಡಬ್ಬಿ, ಅಷ್ಟೆ.

ಇಬ್ರಿಯಲ್ಲಿ ಕಬ್ಬಿನ ಗಾಣವಿಲ್ಲ, ಸೇಬಿನ ತೋಟವೂ ಇಲ್ಲ. ಮನೆಯಲ್ಲಿ ಮದ್ಯ ತಯಾರಿಸಲು ಈ ನಾಡಿನ ಕಾನೂನು ಅವಕಾಶ ಕೊಡುವುದೂ ಇಲ್ಲ. ಆದ್ದರಿಂದ ಸೈಡರಿನ ಮಾತನ್ನು ಇಲ್ಲಿಗೇ ಬಿಡೋಣ. ಆದರೆ ಫಲಜಿನ ನೀರುಂಡು ಬೆಳೆದ ಖರ್ಜೂರದ ತೋಟಗಳು ನಮ್ಮ ಸುತ್ತಲೂ ಇವೆ. ಖಲಾಸ್ ತಳಿಗೆ ಈ ಧಾಹಿರಾ ಪ್ರಾಂತ ಹೆಸರುವಾಸಿ.

ಒಮಾನಿಗಳು ಖರ್ಜೂರದಿಂದ ಪಾಕವನ್ನಿಳಿಸುವ ಹಳೆಯ ಕ್ರಮವನ್ನು ನೋಡಬೇಕಾದರೆ ನಿಜ್ವಾ ದಾರಿಯಲ್ಲಿ ಬಹ್ಲಾ ಸಮೀಪದ ಜಬ್ರೀನ್ ಕೋಟೆಗೆ ಹೋಗಬೇಕು. ಅಲ್ಲಿನ ಖರ್ಜೂರದ ಕೋಣೆಯ ನೆಲದಲ್ಲಿ ಸಾಲು ಸಾಲಾಗಿ ಕಾಲುವೆಗಳಿವೆ. ಇಂಥ ಕೋಣೆಗೆ ಮದ್ಬಸ ಎಂದು ಹೆಸರು. ಹಣ್ಣು ತುಂಬಿದ ಚೀಲಗಳನ್ನು ಒಂದರ ಮೇಲೊಂದು ಒಟ್ಟಿದರೆ ಮೇಲಿನ ಭಾರಕ್ಕೂ ಬೇಸಗೆಯ ಕಾವಿಗೂ ಕೆಳಗಿನ ಹಣ್ಣು ತಾನಾಗಿಯೇ ಪಾಕವನ್ನು ಬಿಟ್ಟು, ಅದು ಕಾಲುವೆಗಳಲ್ಲಿ ಹರಿದು ಪಾತ್ರೆ ಸೇರುತ್ತದೆ. ಇದೇ ದಿಬ್ಸ್. ಗಾಣವಿಲ್ಲ, ಒಲೆಯಿಲ್ಲ, ಒಂದು ಕಡ್ಡಿ ಸೌದೆಯೂ ಬೇಡ! ಬಹ್ರೇನಿನ ಉತ್ಖನನದಲ್ಲಿ ಕ್ರಿ.ಪೂ. 2ನೆಯ ಸಹಸ್ರಮಾನದ ಮದ್ಬಸಗಳೇ ದೊರೆತಿವೆ.

ಈ ಪಾಕವೇಕೆ ಹುಳಿಯುವುದಿಲ್ಲ? ಅದರಲ್ಲಿ ಸಕ್ಕರೆ ಅತಿಯಾಗಿದ್ದು ನೀರು ತೀರ ಕಡಿಮೆ. ಅಷ್ಟು ಗಟ್ಟಿಯಾದ ಸಕ್ಕರೆ ಯೀಸ್ಟಿನ ಒಡಲೊಳಗಿನ ನೀರನ್ನೇ ಹೊರಗೆಳೆದುಕೊಳ್ಳುತ್ತದೆ. ಯೀಸ್ಟ್ ಬಾಯಾರಿ ಸೋಲುತ್ತದೆ. ಕೊಪ್ಪರಿಗೆ ಬೆಂಕಿಯಿಂದ ಸಾಧಿಸುವುದನ್ನು ಮದ್ಬಸ ಬಿಸಿಲಿಗೆ ಒಣಗಿದ ಹಣ್ಣಿನಿಂದಲೇ ಪಡೆಯುತ್ತದೆ.

ಬಾಡಿಗೆಯ ಮನೆಯಲ್ಲಿ ಮದ್ಬಸ ಕಟ್ಟಲಾಗದು. ನಮಗೆ ಕೊಪ್ಪರಿಗೆಯ ದಾರಿಯೇ ಸರಿ. ನೆರೆಯವರು ಪ್ರೀತಿಯಿಂದ ಕೊಟ್ಟ ಖರ್ಜೂರ ಮನೆಮನೆಗಳಲ್ಲಿ ಮಿಕ್ಕು ಒಣಗುತ್ತಿರುವಾಗ ಮೂರು ನಾಲ್ಕು ಸಂಸಾರಗಳು ಸೇರಿ ಇದನ್ನು ಮಾಡಬಹುದು. 1 ಕಿಲೋ ಹಣ್ಣಿನ ಬೀಜ ತೆಗೆದು, 2 ಲೀಟರ್ ನೀರಿನಲ್ಲಿ ಸಣ್ಣ ಉರಿಯ ಮೇಲೆ ಕರಗುವಷ್ಟು ಬೇಯಿಸಬೇಕು. ಆರಿದ ಮೇಲೆ ತೆಳುವಾದ ಬಿಳಿ ಪಂಚೆಯಲ್ಲಿ ಕಟ್ಟಿ ಇಬ್ಬರು ಎರಡು ತುದಿ ಹಿಡಿದು ತಿರುಚಬೇಕು. ಮಕ್ಕಳಿಗೆ ಈ ಕೆಲಸ ವಹಿಸಿದರೆ ಬಟ್ಟೆಯೂ ನೆಲವೂ ಅಂಟಾಗುವುದು ಖಂಡಿತ, ಆದರೂ ವಹಿಸಬೇಕು. ಇಳಿದ ರಸವನ್ನು ಅಗಲ ಬಾಣಲೆಯಲ್ಲಿ, ನೊರೆ ತೆಗೆಯುತ್ತ, ಸುಮಾರು ಮೂರನೆಯ ಒಂದು ಪಾಲಿಗೆ ಕುದಿಸಬೇಕು. ಕೊನೆಯ ಹತ್ತು ನಿಮಿಷ ಒಲೆ ಬಿಟ್ಟು ಕದಲುವಂತಿಲ್ಲ. ತಳ ಹತ್ತಿದರೆ ಕಹಿ ಉಳಿದೇ ಉಳಿಯುತ್ತದೆ.

ದೋಸೆಗೆ ಇದು ಜೋನಿಬೆಲ್ಲದಷ್ಟೇ ಒಗ್ಗುತ್ತದೆ. ಎಳ್ಳಿನ ತಹೀನಿ ಬೆರೆಸಿದರೆ ನಮ್ಮ ಎಳ್ಳುಂಡೆಯ ರುಚಿ. ಹಣ್ಣಿನದೆಂಬ ಕಾರಣಕ್ಕೆ ಮಧುಮೇಹಿಗಳಿಗೆ ಒಳ್ಳೆಯದೆಂದು ಕೆಲವರು ಹೇಳುವುದುಂಟು. ಅದು ಸಲ್ಲದು, ಸಕ್ಕರೆ ಸಕ್ಕರೆಯೇ.

ಮನೆಯ ಪಾಕ ಮದ್ಬಸದ ದಿಬ್ಸಿನಷ್ಟು ಗಟ್ಟಿಯಾಗದಿರಬಹುದು. ಆದ್ದರಿಂದ ಕುದಿನೀರಿನಲ್ಲಿ ತೊಳೆದು ಒಣಗಿಸಿದ ಗಾಜಿನ ಭರಣಿಯಲ್ಲಿ ತುಂಬಿ ಫ್ರಿಜ್ಜಿನಲ್ಲಿಡುವುದು ಕ್ಷೇಮ. ಒದ್ದೆ ಚಮಚವನ್ನು ಅದರೊಳಗೆ ಅದ್ದಬಾರದು: ಆ ಹನಿ ನೀರು ಬಿದ್ದಲ್ಲಿ ಪಾಕ ತೆಳುವಾಗಿ, ಸೋತಿದ್ದ ಯೀಸ್ಟ್ ಮತ್ತೆ ಕೆಲಸಕ್ಕೆ ತೊಡಗುತ್ತದೆ. ಮೇಲೆ ಸಣ್ಣ ಗುಳ್ಳೆಗಳೆದ್ದು ಹುಳಿಯ ವಾಸನೆ ಬಂದರೆ ಆ ಭರಣಿಯನ್ನು ಚೆಲ್ಲಿಬಿಡಬೇಕು.